ವೈದ್ಯ ಜಾರ್ಜ್ ಬೀಟ್ಸನ್

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸೀಮೆಯಲ್ಲಿ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆಗಳು ಬೀಡುಬಿಡುವುದುಂಟು. ಹಗಲೆಲ್ಲ ಮೇದು ಬಂದ ತಾಯಿಕುರಿಗಳು ಸಂಜೆಯಾಗುತ್ತಲೇ ತಮ್ಮ ಮರಿಗಳನ್ನು ಹುಡುಕಿಕೊಂಡು ಕೂಗುತ್ತ ಬರುತ್ತವೆ. ಮರಿಗಳು ಬೆಳೆದು ಮೇವು ತಿನ್ನತೊಡಗಿದ ಮೇಲೆ ತಾಯಿಯ ಕೆಚ್ಚಲಿನ ಹಾಲು ಕ್ರಮೇಣ ಬತ್ತಿಹೋಗುತ್ತದೆ. ಇದು ಕುರಿ ಸಾಕುವವರೆಲ್ಲರೂ ಬಲ್ಲ ಸಂಗತಿ. ಆದರೆ ಹಾಲು ಬರುವುದೇಕೆ, ನಿಲ್ಲುವುದೇಕೆ, ದೇಹದೊಳಗೆ ಅದಕ್ಕೆ ಅಪ್ಪಣೆ ಕೊಡುವವರು ಯಾರು ಎಂದು ಕೇಳಿದವರು ವಿರಳ. ಆ ಪ್ರಶ್ನೆಯನ್ನು ಕೇಳಿ, ಅದರ ಉತ್ತರವನ್ನು ಅರಸುತ್ತ ಹೋಗಿ, ಸ್ತ್ರೀಯರನ್ನು ಕಾಡುವ ಒಂದು ಘೋರ ವ್ಯಾಧಿಗೆ ಹೊಸ ಚಿಕಿತ್ಸೆಯ ದಾರಿಯನ್ನು ತೋರಿದ ಮಹನೀಯರು ಸ್ಕಾಟ್ಲೆಂಡಿನ ವೈದ್ಯರಾದ ಸರ್ ಜಾರ್ಜ್ ಥಾಮಸ್ ಬೀಟ್ಸನ್. ಅವರ ಚಿಂತನೆಗೆ ಮೊದಲ ಸುಳಿವು ದೊರೆತದ್ದು ಇಂಥದೇ ಒಂದು ಕುರಿಹಿಂಡಿನಿಂದ.

ಬೀಟ್ಸನ್ ಅವರು 1848ರಲ್ಲಿ ಸಿಂಹಳ ದ್ವೀಪದ ತ್ರಿಂಕೋಮಲಿಯಲ್ಲಿ ಜನಿಸಿದರು. ಅವರ ತಂದೆ ಬ್ರಿಟಿಷ್ ಸೈನ್ಯದಲ್ಲಿ ವೈದ್ಯರಾಗಿದ್ದರು. ಬಾಲಕ ಜಾರ್ಜ್ ವಿದ್ಯಾಭ್ಯಾಸಕ್ಕಾಗಿ ಬ್ರಿಟನ್ನಿಗೆ ತೆರಳಿದನು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದು, ಎಡಿನ್‌ಬರೋ ನಗರದಲ್ಲಿ ವೈದ್ಯವಿದ್ಯೆಯನ್ನು ಅಭ್ಯಸಿಸಿದನು. ಆ ಕಾಲದಲ್ಲಿ ಎಡಿನ್‌ಬರೋದಲ್ಲಿದ್ದ ಜೋಸೆಫ್ ಲಿಸ್ಟರ್ ಅವರು ಗಾಯಗಳು ಕೀವಾಗದಂತೆ ತಡೆಯುವ ಕ್ರಮವನ್ನು ಕಂಡುಹಿಡಿದು, ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಹೊಸ ಯುಗವನ್ನೇ ತೆರೆದಿದ್ದರು. ಅಂಥ ಗುರುವಿನ ಕೈಕೆಳಗೆ ಕೆಲಸ ಮಾಡುವ ಭಾಗ್ಯ ತರುಣ ಬೀಟ್ಸನ್ನರಿಗೆ ಲಭಿಸಿತು. ಕಣ್ಣಿಗೆ ಕಂಡದ್ದನ್ನು ಎಚ್ಚರದಿಂದ ಗಮನಿಸುವುದು, ಕಂಡದ್ದಕ್ಕೆ ಕಾರಣವನ್ನು ಹುಡುಕುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು, ಇವು ಲಿಸ್ಟರರ ಶಿಷ್ಯರಿಗೆ ದೊರೆತ ಸಂಸ್ಕಾರವಾಗಿದ್ದುವು.

1876ರಲ್ಲಿ ಬೀಟ್ಸನ್ ಅವರಿಗೆ ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಒಂದು ಹಳ್ಳಿಗಾಡಿನಲ್ಲಿ, ಬುದ್ಧಿಸ್ವಾಸ್ಥ್ಯ ತಪ್ಪಿದ್ದ ಒಬ್ಬ ರೋಗಿಯ ಆರೈಕೆ ನೋಡಿಕೊಳ್ಳುವ ಕೆಲಸ ಒದಗಿತು. ಕೆಲಸ ಹೆಚ್ಚಿರಲಿಲ್ಲ, ಬಿಡುವು ಬೇಕಾದಷ್ಟಿತ್ತು. ಆ ಬಿಡುವನ್ನು ವ್ಯರ್ಥಗೊಳಿಸದೆ ಎಂ.ಡಿ. ಪದವಿಗಾಗಿ ಪ್ರಬಂಧವೊಂದನ್ನು ಬರೆಯಲು ಅವರು ಮನಸ್ಸು ಮಾಡಿದರು. ಅದೇ ಸಮಯಕ್ಕೆ ನೆರೆಯ ಹೊಲಮನೆಯಲ್ಲಿ ಕುರಿಮರಿಗಳನ್ನು ತಾಯಂದಿರಿಂದ ಅಗಲಿಸಿ ಹಾಲು ಬಿಡಿಸುವ ಕಾರ್ಯ ನಡೆಯುವುದರಲ್ಲಿತ್ತು. ಅದೇ ಅವರ ಪ್ರಬಂಧಕ್ಕೆ ವಿಷಯವಾಯಿತು. ತಾಯಿಯ ದೇಹದಲ್ಲಿ ಹಾಲು ಉಂಟಾಗುವ ಬಗೆಯನ್ನು ಅವರು ಅಭ್ಯಾಸ ಮಾಡತೊಡಗಿದರು.

ಪುಸ್ತಕಗಳಲ್ಲಿದ್ದುದನ್ನು ಓದಿದ್ದಲ್ಲದೆ, ದನಕುರಿ ಸಾಕುವವರ ಅನುಭವವನ್ನೂ ಅವರು ಕೇಳಿ ತಿಳಿದುಕೊಂಡರು. ಕೆಲವು ದೇಶಗಳ ರೈತರು ಕರು ಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆದುಹಾಕಿ, ಅದು ಬಹುಕಾಲ ಹಾಲು ಕರೆಯುವಂತೆ ಮಾಡುತ್ತಿದ್ದ ವಿಚಾರ ಅವರ ಕಿವಿಗೆ ಬಿತ್ತು. ಅವರು ಅಚ್ಚರಿಗೊಂಡರು. ಅಂಡಾಶಯವಿರುವುದು ಹೊಟ್ಟೆಯ ಕೆಳಭಾಗದಲ್ಲಿ. ಹಾಲು ಉತ್ಪತ್ತಿಯಾಗುವುದು ಅದರಿಂದ ದೂರದ ಕೆಚ್ಚಲಿನಲ್ಲಿ. ಹಾಗಿದ್ದರೂ ಒಂದು ಅಂಗವನ್ನು ತೆಗೆದರೆ ಇನ್ನೊಂದು ಅಂಗದ ನಡೆ ಬದಲಾಗುತ್ತದೆ. ಹಾಗಾದರೆ ದೇಹದ ಒಂದು ಅಂಗ ದೂರದಲ್ಲಿರುವ ಮತ್ತೊಂದರ ಮೇಲೆ ಹಿಡಿತವಿಟ್ಟುಕೊಂಡಿರಬೇಕು ಎಂದು ಬೀಟ್ಸನ್ ತರ್ಕಿಸಿದರು. ಮೊಲಗಳ ಮೇಲೆ ಪ್ರಯೋಗಗಳನ್ನೂ ನಡೆಸಿ ನೋಡಿದರು. ಹಾರ್ಮೋನು ಎಂಬ ಶಬ್ದವೇ ಆಗ ಹುಟ್ಟಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಆ ಹೆಸರನ್ನು ಬಳಕೆಗೆ ತಂದುದು 1905ರಲ್ಲಿ. ಹೆಸರಿಲ್ಲದ ಆ ಶಕ್ತಿಯ ಕೆಲಸವನ್ನು ಬೀಟ್ಸನ್ ಅದಕ್ಕಿಂತ ಎಷ್ಟೋ ಮೊದಲೇ ಗುರುತಿಸಿದ್ದರು.

ಈ ಅಭ್ಯಾಸದಲ್ಲಿ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಹಾಲೂಡುವ ಕಾಲದಲ್ಲಿ ಸ್ತನದ ಜೀವಕೋಶಗಳು ಬಹು ಬೇಗ ಬೇಗ ವೃದ್ಧಿಯಾಗುತ್ತವೆ. ಕ್ಯಾನ್ಸರ್ ರೋಗದಲ್ಲಿಯೂ ಜೀವಕೋಶಗಳು ಹೀಗೆಯೇ ವೃದ್ಧಿಯಾಗುತ್ತವೆ. ಮೊದಲನೆಯ ವೃದ್ಧಿಗೆ ಒಂದು ಮೇರೆಯುಂಟು, ಮಗುವಿಗೆ ಹಾಲುಣಿಸುವ ಒಂದು ಉದ್ದೇಶವುಂಟು. ಎರಡನೆಯದಕ್ಕೆ ಮೇರೆಯೂ ಇಲ್ಲ, ಉದ್ದೇಶವೂ ಇಲ್ಲ. ಅದು ತಾನು ಹುಟ್ಟಿದ ದೇಹವನ್ನೇ ನುಂಗುತ್ತದೆ. ಸಹಜ ವೃದ್ಧಿಯ ಮೇಲೆ ಅಂಡಾಶಯದ ಹಿಡಿತವಿರುವುದಾದರೆ ಈ ವಿಪರೀತ ವೃದ್ಧಿಯ ಮೇಲೂ ಅದರ ಹಿಡಿತ ಇರಬಾರದೇಕೆ? ಈ ಪ್ರಶ್ನೆ ಅವರ ಮನಸ್ಸಿನಲ್ಲಿ ಬೇರೂರಿತು. 1878ರಲ್ಲಿ ಅವರಿಗೆ ಎಂ.ಡಿ. ಪದವಿ ಬಂದಿತು. ಪ್ರಶ್ನೆ ಮಾತ್ರ ಉತ್ತರಕ್ಕಾಗಿ ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು.

ಆ ಬಳಿಕ ಬೀಟ್ಸನ್ ಗ್ಲಾಸ್ಗೋ ನಗರದಲ್ಲಿ ನೆಲೆಸಿ ಶಸ್ತ್ರವೈದ್ಯರಾಗಿ ಹೆಸರು ಗಳಿಸಿದರು. ಗ್ಲಾಸ್ಗೋ ಆಗ ಕಾರ್ಖಾನೆಗಳ, ಹಡಗುಕಟ್ಟೆಗಳ ನಗರವಾಗಿತ್ತು. ಬಡ ಕೂಲಿಕಾರರಿಂದ ಕಿಕ್ಕಿರಿದಿತ್ತು. ಅಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿಯೇ ಸ್ಥಾಪಿತವಾಗಿದ್ದ ಆಸ್ಪತ್ರೆಯ ಹೊಣೆಯನ್ನು 1890ರ ದಶಕದಲ್ಲಿ ಅವರು ವಹಿಸಿಕೊಂಡರು. ಸ್ತನದ ಕ್ಯಾನ್ಸರಿಗೆ ಅಂದು ಇದ್ದ ಚಿಕಿತ್ಸೆ ಒಂದೇ. ಗಡ್ಡೆಯನ್ನು ಸ್ತನದೊಡನೆ ಕತ್ತರಿಸಿ ತೆಗೆಯುವುದು. ರೋಗ ಅಷ್ಟರೊಳಗೆ ಸುತ್ತಲೂ ಹರಡಿದ್ದರೆ ವೈದ್ಯರು ಕೈಚೆಲ್ಲಿ ಕುಳಿತುಕೊಳ್ಳುತ್ತಿದ್ದರು. ನೋವನ್ನು ಮರೆಸಲು ಅಫೀಮಿನ ಔಷಧವನ್ನು ಕೊಟ್ಟು ರೋಗಿಯನ್ನು ಮನೆಗೆ ಕಳುಹಿಸುವುದಲ್ಲದೆ ಅವರಿಗೆ ಬೇರೆ ಉಪಾಯವಿರಲಿಲ್ಲ.

1895ರ ಮೇ ತಿಂಗಳಲ್ಲಿ ಮೂವತ್ತಮೂರು ವರ್ಷ ವಯಸ್ಸಿನ, ಎರಡು ಮಕ್ಕಳ ತಾಯಿಯೊಬ್ಬಳು ಬೀಟ್ಸನ್ನರಲ್ಲಿಗೆ ಬಂದಳು. ಆಕೆಗೆ ಮೊದಲೇ ಒಮ್ಮೆ ಶಸ್ತ್ರಚಿಕಿತ್ಸೆಯಾಗಿತ್ತು. ಆದರೆ ರೋಗ ಮರಳಿ ಎದೆಯ ಗೋಡೆಗೆ ಹತ್ತಿಕೊಂಡು ಹರಡಿತ್ತು. ಮತ್ತೆ ಶಸ್ತ್ರವನ್ನು ಆಡಿಸುವಂತಿರಲಿಲ್ಲ. ಬೀಟ್ಸನ್ ಅವರಿಗೆ ಹಳೆಯ ಪ್ರಶ್ನೆ ನೆನಪಾಯಿತು. ಆದರೆ ಮನುಷ್ಯಳ ಮೇಲೆ ಹೊಸ ಪ್ರಯೋಗವನ್ನು ಮಾಡುವುದು ಹಗುರವಾದ ಮಾತಾಗಿರಲಿಲ್ಲ. ಅವರು ತಮ್ಮ ಯೋಚನೆಯನ್ನು ಆಕೆಗೂ ಆಕೆಯ ಗಂಡನಿಗೂ ಬಿಡಿಸಿ ಹೇಳಿದರು. ಬೇರೆ ಆಸೆಯಿಲ್ಲದ ಅವರು ಒಪ್ಪಿದರು. ಜೂನ್ 15ರಂದು ಬೀಟ್ಸನ್ ಆಕೆಯ ಎರಡೂ ಅಂಡಾಶಯಗಳನ್ನು ತೆಗೆದರು. ಎದೆಯ ಮೇಲಿನ ಗಡ್ಡೆಯನ್ನು ಅವರು ಮುಟ್ಟಲೂ ಇಲ್ಲ.

ಕೆಲವು ವಾರಗಳು ಕಳೆದುವು. ಮುಟ್ಟದೆ ಬಿಟ್ಟಿದ್ದ ಗಡ್ಡೆ ಮೃದುವಾಗಿ ಕುಗ್ಗತೊಡಗಿತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಕಣ್ಣಿಗೆ ಕಾಣುವ ರೋಗದ ಕುರುಹು ಏನೂ ಉಳಿಯಲಿಲ್ಲ. ಸಾವಿನ ಬಾಗಿಲಲ್ಲಿ ನಿಂತಿದ್ದ ತಾಯಿ ತನ್ನ ಮಕ್ಕಳೊಡನೆ ಮನೆಯ ಕೆಲಸದಲ್ಲಿ ತೊಡಗಿದಳು.

1896ರಲ್ಲಿ ಬೀಟ್ಸನ್ ಈ ವಿಷಯವನ್ನು ಎಡಿನ್‌ಬರೋದ ವೈದ್ಯರ ಸಭೆಯ ಮುಂದಿಟ್ಟರು. ಅದೇ ವರ್ಷ ಲಂಡನ್ನಿನ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಷ್ಟು ದೊಡ್ಡ ಫಲವನ್ನು ಕಂಡ ಇನ್ನೊಬ್ಬರಾಗಿದ್ದರೆ ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಡಂಗುರ ಸಾರುತ್ತಿದ್ದರೇನೋ! ಬೀಟ್ಸನ್ ಹಾಗೆ ಮಾಡಲಿಲ್ಲ. ಗುಣ ಕಂಡ ರೋಗಿಯ ಜೊತೆಗೆ, ಅಷ್ಟು ಗುಣ ಕಾಣದ ರೋಗಿಯ ವಿವರವನ್ನೂ ಅವರು ಮರೆಮಾಚದೆ ಬರೆದರು. ತಮ್ಮದು ಹೊಸ ಚಿಕಿತ್ಸೆಯ ಸೂಚನೆ ಮಾತ್ರವೆಂದು ಲೇಖನದ ತಲೆಬರಹದಲ್ಲಿಯೇ ತಿಳಿಸಿದರು. ಅಂಡಾಶಯವನ್ನು ತೆಗೆಯುವುದರಿಂದ ಈ ರೋಗಕ್ಕೆ ಉಪಯೋಗವಾಗಬಹುದೆಂದು ಜರ್ಮನಿಯ ಆಲ್ಬರ್ಟ್ ಷಿನ್‌ಜಿಂಗರ್ 1889ರಲ್ಲಿ ಊಹಿಸಿದ್ದುಂಟು. ಅದನ್ನು ಕಾರ್ಯರೂಪಕ್ಕೆ ತಂದು, ಫಲವನ್ನು ಲೋಕದ ಮುಂದಿಟ್ಟ ಕೀರ್ತಿ ಬೀಟ್ಸನ್ನರದು. ಆ ಮೊದಲ ರೋಗಿ ಸುಮಾರು ನಾಲ್ಕು ವರ್ಷ ಬದುಕಿದ್ದಳು. ಆಮೇಲೆ ರೋಗ ಮರುಕಳಿಸಿ ತೀರಿಕೊಂಡಳು. ಕೆಲವೇ ತಿಂಗಳ ಆಯುಸ್ಸೆಂದು ಎಣಿಸಿದ್ದವಳಿಗೆ ನಾಲ್ಕು ವರ್ಷಗಳ ಬದುಕು ದೊರೆತಿತ್ತು. ಆದರೆ ರೋಗ ಮರಳಿ ಬಂದುದೇಕೆ ಎಂಬ ಇನ್ನೊಂದು ಪ್ರಶ್ನೆಯೂ ಉಳಿಯಿತು.

ಇತರ ವೈದ್ಯರು ಬೀಟ್ಸನ್ನರ ಕ್ರಮವನ್ನು ಅನುಸರಿಸಿ ನೋಡಿದರು. ಸ್ಟಾನ್ಲಿ ಬಾಯ್ಡ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು 1900ರಲ್ಲಿ ಇಂಥ 54 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದರು. ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ರೋಗಿಗಳಿಗೆ ಮಾತ್ರ ಗುಣ ಕಂಡಿತ್ತು. ಉಳಿದವರಿಗೆ ಏಕೆ ಇಲ್ಲ? ಯಾರಿಗೆ ಗುಣವಾದೀತು, ಯಾರಿಗೆ ಆಗದು ಎಂದು ಮೊದಲೇ ಹೇಳುವ ಮಾರ್ಗ ಯಾರಿಗೂ ತಿಳಿದಿರಲಿಲ್ಲ.

ಬೀಟ್ಸನ್ನರ ಸೇವೆ ಆಸ್ಪತ್ರೆಯ ಗೋಡೆಗಳೊಳಗೆ ಮುಗಿಯಲಿಲ್ಲ. ಅಪಘಾತಕ್ಕೆ ಸಿಕ್ಕ ಕೂಲಿಕಾರರಿಗೆ ಪ್ರಥಮ ಚಿಕಿತ್ಸೆ ನೀಡಿ ಆಸ್ಪತ್ರೆಗೆ ಸಾಗಿಸಲು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸೇಂಟ್ ಆಂಡ್ರೂಸ್ ಆಂಬುಲೆನ್ಸ್ ಸಂಘದಲ್ಲಿ ಅವರು ಮುಂದಾಳಾಗಿ ದುಡಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ರೆಡ್‌ಕ್ರಾಸ್ ಸಂಸ್ಥೆಯ ಭಾರವನ್ನು ಹೊತ್ತು, ಗಾಯಗೊಂಡ ಯೋಧರ ಸೇವೆಗಾಗಿ ಶ್ರಮಿಸಿದರು. ಸರ್ಕಾರ ಅವರಿಗೆ ಸರ್ ಪದವಿಯನ್ನಿತ್ತು ಗೌರವಿಸಿತು. 1933ರ ಫೆಬ್ರುವರಿಯಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗ್ಲಾಸ್ಗೋ ನಗರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಬೀಟ್ಸನ್ ಬಿಟ್ಟುಹೋದ ಪ್ರಶ್ನೆಗಳನ್ನು ಮುಂದಿನ ತಲೆಮಾರಿನ ವಿಜ್ಞಾನಿಗಳು ಕೈಗೆತ್ತಿಕೊಂಡರು. ಅಂಡಾಶಯದಲ್ಲಿ ಹುಟ್ಟಿ ರಕ್ತದಲ್ಲಿ ಹರಿಯುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಒಂದು ಬಗೆಯನ್ನು 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ, ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎಂಬವರು ಬೇರೆ ಬೇರೆಯಾಗಿ ಶುದ್ಧರೂಪದಲ್ಲಿ ಪಡೆದರು. ದೂರದ ಅಂಗದ ಮೇಲೆ ಅಂಡಾಶಯ ಹಿಡಿತವಿಟ್ಟುಕೊಳ್ಳುವುದು ಈ ದೂತನ ಮೂಲಕ. ಈ ದೂತನನ್ನು ಜೀವಕೋಶ ಗುರುತಿಸುವುದು ಹೇಗೆಂಬುದನ್ನು 1958ರ ಸುಮಾರಿಗೆ ಷಿಕಾಗೋದ ಎಲ್‌ವುಡ್ ಜೆನ್‌ಸನ್ ತೋರಿಸಿಕೊಟ್ಟರು. ವಿಕಿರಣ ಸೂಸುವ ಗುರುತು ಹಚ್ಚಿದ ಈಸ್ಟ್ರೋಜನ್ ಅನ್ನು ಅವರು ಎಳೆಯ ಇಲಿಗಳಿಗೆ ಕೊಟ್ಟರು. ಅದು ಎಲ್ಲ ಅಂಗಗಳನ್ನೂ ಹಾದುಹೋದರೂ ಗರ್ಭಕೋಶದಂಥ ಕೆಲವು ಅಂಗಗಳಲ್ಲಿ ಮಾತ್ರ ತಂಗಿತು. ಆ ಅಂಗಗಳ ಜೀವಕೋಶಗಳಲ್ಲಿ ಈಸ್ಟ್ರೋಜನ್ ಅನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ಇತ್ತು. ಅದಕ್ಕೆ ಗ್ರಾಹಕವೆಂದು ಹೆಸರು. ಈಸ್ಟ್ರೋಜನ್ ಜೀವಕೋಶದೊಳಕ್ಕೆ ನುಸುಳಿ ಗ್ರಾಹಕವನ್ನು ಕೂಡಿಕೊಳ್ಳುತ್ತದೆ. ಹಾಗೆ ಕೂಡಿದ ಗ್ರಾಹಕ ವಂಶವಾಹಿಗಳನ್ನು ತಲುಪಿ, ಜೀವಕೋಶ ಒಡೆದು ಎರಡಾಗಲು ಬೇಕಾದ ಅಪ್ಪಣೆಯನ್ನು ಹೊರಡಿಸುತ್ತದೆ.

ಸಿಂಧನೂರಿನ ಗದ್ದೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತೂಬಿನ ಮೂಲಕ ಹರಿದು ಅಲ್ಲಿ ಭತ್ತದ ಪೈರನ್ನು ಬೆಳೆಸುತ್ತದೆ. ಕಾಲುವೆಯ ನೀರು ನಿಂತರೆ ಆ ಪೈರು ಒಣಗುತ್ತದೆ. ಲಿಂಗಸುಗೂರಿನ ಕಡೆ ಮಳೆಯನ್ನೇ ನಂಬಿದ ಹೊಲಗಳೂ ಇವೆ. ಕಾಲುವೆ ನಿಂತರೂ ಹರಿದರೂ ಅವುಗಳ ಬೆಳೆಗೆ ವ್ಯತ್ಯಾಸವಿಲ್ಲ. ಸ್ತನದ ಕ್ಯಾನ್ಸರಿನಲ್ಲಿಯೂ ಹೀಗೆಯೇ ಎರಡು ಬಗೆ. ಈಸ್ಟ್ರೋಜನ್ ಗ್ರಾಹಕವುಳ್ಳ ಗಡ್ಡೆಗಳು ಕಾಲುವೆಯ ಗದ್ದೆಯಂತೆ. ಅವು ಆ ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಗ್ರಾಹಕವಿಲ್ಲದ ಗಡ್ಡೆಗಳಿಗೆ ಅದರ ಹಂಗಿಲ್ಲ. ಬೀಟ್ಸನ್ನರ ಚಿಕಿತ್ಸೆ ಕೆಲವರಿಗೆ ಫಲಿಸಿ ಹಲವರಿಗೆ ಫಲಿಸದೆಹೋದುದರ ಮುಖ್ಯ ಕಾರಣ ಅರುವತ್ತು ವರ್ಷಗಳ ಮೇಲೆ ಹೀಗೆ ಬೆಳಕಿಗೆ ಬಂದಿತು.

ತೂಬನ್ನೇ ಮುಚ್ಚಿಬಿಟ್ಟರೆ ಅಂಡಾಶಯವನ್ನು ತೆಗೆಯುವ ಅಗತ್ಯವೇನು? ಈ ವಿಚಾರದಿಂದ ಹೊಸ ಔಷಧಗಳು ಬಂದುವು. 1962ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಟ್ಯಾಮಾಕ್ಸಿಫೆನ್ ಎಂಬ ಔಷಧ ಈಸ್ಟ್ರೋಜನ್ ಕೂಡಬೇಕಾದ ಸ್ಥಳದಲ್ಲಿ ತಾನೇ ಕುಳಿತು ಗ್ರಾಹಕವನ್ನು ತಡೆಯುತ್ತದೆ. 1971ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ಪಡೆದ ಫಲವನ್ನು ಪ್ರಕಟಿಸಿದರು. ಶಸ್ತ್ರದಿಂದ ಆಗುತ್ತಿದ್ದ ಕೆಲಸದ ಒಂದು ಪಾಲು ಗುಳಿಗೆಯಿಂದ ಆಗುವಂತಾಯಿತು. ಅದರಿಂದ ಲಕ್ಷಾಂತರ ಸ್ತ್ರೀಯರ ಆಯುಸ್ಸು ಹೆಚ್ಚಿದೆ.

ಆದರೂ ಕೆಲವರಲ್ಲಿ ಬೀಟ್ಸನ್ನರ ಮೊದಲ ರೋಗಿಗೆ ಆದಂತೆ ರೋಗ ಮರಳುತ್ತಿತ್ತು. ಅದಕ್ಕೂ ಈಗ ಕಾರಣ ತಿಳಿದುಬರುತ್ತಿದೆ. ದೇಹದಲ್ಲಿ ಹಾರ್ಮೋನುಗಳಲ್ಲದೆ ವೃದ್ಧಿಕಾರಕಗಳೆಂಬ ಪ್ರೋಟೀನುಗಳೂ ಇವೆ. ಗಾಯ ಮಾಯುವುದು, ಚರ್ಮ ಹೊಸದಾಗಿ ಬೆಳೆಯುವುದು ಇವುಗಳ ಸಹಾಯದಿಂದ. ಇವುಗಳ ಶೋಧಕ್ಕಾಗಿ ಸ್ಟಾನ್ಲಿ ಕೋಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೆ 1986ರ ನೊಬೆಲ್ ಬಹುಮಾನ ಬಂದಿತು. ವೃದ್ಧಿಕಾರಕಗಳು ಜೀವಕೋಶದ ಹೊರಗೋಡೆಯ ಮೇಲಿರುವ ಬೇರೆ ಗ್ರಾಹಕಗಳನ್ನು ಹಿಡಿದು, ಒಬ್ಬರ ಕೈಯಿಂದ ಒಬ್ಬರಿಗೆ ಓಲೆ ದಾಟಿಸುವಂತೆ, ವೃದ್ಧಿಯ ಅಪ್ಪಣೆಯನ್ನು ಒಳಕ್ಕೆ ಕಳುಹಿಸುತ್ತವೆ. ಕೆಲವು ವೇಳೆ ಈ ಓಲೆ ಈಸ್ಟ್ರೋಜನ್ ಗ್ರಾಹಕವನ್ನೂ ತಲುಪಿ, ಈಸ್ಟ್ರೋಜನ್ ಇಲ್ಲದಿದ್ದರೂ ಅದನ್ನು ಎಚ್ಚರಿಸಿಬಿಡುತ್ತದೆ. ಕಾಲುವೆಯ ನೀರನ್ನು ನಿಲ್ಲಿಸಿದರೂ ಗದ್ದೆಯವನು ಬಾವಿ ತೋಡಿ ಬೇರೆ ನೀರಿನಿಂದ ಪೈರನ್ನು ಉಳಿಸಿಕೊಂಡಂತೆ ಇದು. ಆದುದರಿಂದ ಒಂದು ದಾರಿಯನ್ನು ಮುಚ್ಚಿದರೆ ಸಾಲದು, ಕೆಲವರಲ್ಲಿ ಎರಡನ್ನೂ ಮುಚ್ಚಬೇಕೆಂದು ವೈದ್ಯರು ಅರಿತರು. ಹರ್-ಟೂ ಎಂಬ ಹೊರಗೋಡೆಯ ಗ್ರಾಹಕವನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧಕ್ಕೆ 1998ರಲ್ಲಿ ಅಮೆರಿಕ ಒಪ್ಪಿಗೆಯಿತ್ತಿತು. ಇಂದು ಸ್ತನದ ಗಡ್ಡೆ ಕ್ಯಾನ್ಸರೆಂದು ತಿಳಿದೊಡನೆ ಅದರ ಚೂರನ್ನು ಪರೀಕ್ಷಿಸಿ, ಯಾವ ಗ್ರಾಹಕಗಳಿವೆ ಎಂಬುದನ್ನು ಅರಿತು, ಅದಕ್ಕೆ ತಕ್ಕ ಚಿಕಿತ್ಸೆಯನ್ನು ಗೊತ್ತುಮಾಡುತ್ತಾರೆ.

ಈ ವಿದ್ಯೆ ಈಗ ದೂರದೇಶದ ಸೊತ್ತಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ನಾಡಿನ ಮೂಲೆಮೂಲೆಗಳಿಂದ ಬರುವ ರೋಗಿಗಳಿಗೆ ಆಸರೆಯಾಗಿದೆ. ಅದರ ಶಾಖೆಯೊಂದು ಕಲಬುರಗಿಯಲ್ಲಿದೆ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೆ ಆಸ್ಪತ್ರೆಯಿದ್ದರೆ ಸಾಲದು. ರೋಗಿ ಅಲ್ಲಿಗೆ ಸಕಾಲದಲ್ಲಿ ಬರಬೇಕು. ಎದೆಯಲ್ಲಿ ನೋವಿಲ್ಲದ ಒಂದು ಗಂಟು ಕಾಣಿಸಿಕೊಂಡರೆ ಎಷ್ಟೋ ತಾಯಂದಿರು ನಾಚಿಕೆಯಿಂದ ಅದನ್ನು ಯಾರಿಗೂ ಹೇಳುವುದಿಲ್ಲ. ಹೊಲದ ಕೆಲಸ, ಮಕ್ಕಳ ಊಟ, ಮನೆಯ ಖರ್ಚು ಇವುಗಳ ನಡುವೆ ತಮ್ಮ ದೇಹದ ಚಿಂತೆಯನ್ನು ಮುಂದೂಡುತ್ತಾರೆ. ನೋವು ತಡೆಯಲಾರದಷ್ಟಾದಾಗ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಆ ವೇಳೆಗೆ ರೋಗ ಹರಡಿರುತ್ತದೆ. ಗಂಟುಗಳೆಲ್ಲವೂ ಕ್ಯಾನ್ಸರಲ್ಲ, ಆದರೆ ಯಾವುದು ಅಹುದು, ಯಾವುದು ಅಲ್ಲ ಎಂದು ಹೇಳಬಲ್ಲವರು ವೈದ್ಯರು ಮಾತ್ರ. ರೋಗ ಮೊದಲ ಹಂತದಲ್ಲಿ ತಿಳಿದರೆ ಗುಣ ಹೊಂದುವವರೇ ಹೆಚ್ಚು. ದೇಹದ ವ್ಯಾಧಿಯಲ್ಲಿ ನಾಚಿಕೆಪಡುವಂಥದು ಏನೂ ಇಲ್ಲವೆಂಬ ಮಾತನ್ನು ಮನೆಯ ಹಿರಿಯ ಹೆಂಗಸರಿಗೆ ತಿಳಿಯಹೇಳುವುದು ಓದಿದ ಮಕ್ಕಳ ಕರ್ತವ್ಯ.

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರು ಕೆತ್ತಲ್ಪಟ್ಟಿದೆ. ಆ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೆಂಬ ಅರಸನೇ ಅಶೋಕನೆಂಬುದು ದೃಢಪಟ್ಟಿತು. ಅದೇ ಅರಸನು ತನ್ನ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಔಷಧದ ಗಿಡಗಳನ್ನು ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಮನುಷ್ಯನ ಮತ್ತು ಪಶುವಿನ ನೋವು ಬೇರೆಯಲ್ಲವೆಂಬ ಆ ಭಾವನೆ ದಯೆಯಿಂದ ಹುಟ್ಟಿದ್ದು. ಅವೆರಡರ ದೇಹಗಳನ್ನು ನಡೆಸುವ ನಿಯಮವೂ ಒಂದೇ ಎಂಬುದನ್ನು ಬೀಟ್ಸನ್ ವಿಚಾರದಿಂದ ಕಂಡುಕೊಂಡರು.

ಬೀಟ್ಸನ್ ಅವರಲ್ಲಿ ದೊಡ್ಡ ಪ್ರಯೋಗಶಾಲೆಯಿರಲಿಲ್ಲ, ಬೆಲೆಬಾಳುವ ಯಂತ್ರಗಳಿರಲಿಲ್ಲ. ಎಲ್ಲರೂ ಕಾಣುವುದನ್ನು ಕಂಡು, ಯಾರೂ ಕೇಳದುದನ್ನು ಕೇಳುವ ಬುದ್ಧಿ ಇತ್ತು. ಆ ಪ್ರಶ್ನೆಯನ್ನು ಹದಿನೇಳು ವರ್ಷ ಮರೆಯದೆ ಕಾಪಾಡಿಕೊಂಡ ತಾಳ್ಮೆಯಿತ್ತು. ಗೆದ್ದುದನ್ನು ಹಿಗ್ಗಿಸದೆ, ಸೋತುದನ್ನು ಮುಚ್ಚಿಡದೆ ಬರೆದಿಟ್ಟ ಪ್ರಾಮಾಣಿಕತೆಯಿತ್ತು. ಗುಣವಾಗದ ರೋಗಿಗಳ ವಿಷಯವನ್ನು ಅವರೂ ಅವರ ನಂತರದವರೂ ಮರೆಸಿಟ್ಟಿದ್ದರೆ, ಕಾರಣವನ್ನು ಹುಡುಕುವ ಅಗತ್ಯ ಯಾರಿಗೂ ತೋರುತ್ತಿರಲಿಲ್ಲ. ಗ್ರಾಹಕದ ಅರ್ಥವೂ ಇಷ್ಟು ಬೇಗ ತಿಳಿಯುತ್ತಿರಲಿಲ್ಲ. ಇಂದು ಗುಳಿಗೆಯೊಂದನ್ನು ನುಂಗಿ ತನ್ನ ಮಕ್ಕಳ ನಡುವೆ ಬಾಳುತ್ತಿರುವ ತಾಯಿಗೆ ಆ ವೈದ್ಯನ ಹೆಸರು ತಿಳಿದಿರಲಾರದು. ಆಕೆಯ ಬಾಳಿನಲ್ಲಿ ಆತನ ಕೆಲಸ ಮುಂದುವರಿಯುತ್ತಲೇ ಇದೆ.